ದೇಶಕ್ಕೊಂದು ಪುಸ್ತಕ ಎಂಬ ಲೆಕ್ಕ

ಐದು ವರ್ಷದ ಮಗಳಿಗೆ ಬೇರೆ ಬೇರೆ ಸಂಸ್ಕೃತಿಗಳ ಪರಿಚಯವಾಗಲೆಂದು ದೇಶಕ್ಕೊಂದರಂತೆ ಹತ್ತು ಪುಸ್ತಕಗಳ ಪಟ್ಟಿ ಕೇಳಿದ್ದೀರಿ. ಅಂಥದ್ದೇ ಪಟ್ಟಿಯನ್ನು ನಾನೂ ಮಾಡಿದ್ದೆ, ಹನ್ನೊಂದು ಪುಸ್ತಕಗಳದ್ದು. ಆಗ ನನ್ನ ಮಗನಿಗೆ ಆರು ವರ್ಷ.

ಅದರಲ್ಲಿ ಆಫ್ರಿಕಾದ ಪಾಲಿಗೆ ಬಂದದ್ದು ಒಂದೇ ಪುಸ್ತಕ. (54 ದೇಶಗಳಿರುವ ಖಂಡವನ್ನು ಒಂದು ದೇಶವೆಂದು ಎಣಿಸಿದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ.) ಹುಲ್ಲು ಹೊದಿಸಿದ ಗುಡಿಸಲು, ಡೋಲು, ಮರದಡಿ ಕುಳಿತು ಕಥೆ ಹೇಳುವ ಅಜ್ಜ. ಚಿತ್ರಗಳು ಸೊಗಸಾಗಿದ್ದವು, ಹಾಳೆಗಳು ಸಡಿಲವಾಗುವಷ್ಟು ಸಲ ಮಗ ಅದನ್ನು ಓದಿಸಿಕೊಂಡ. ಅದೇ ವರ್ಷ ನೈಜೀರಿಯಾದ ಲಾಗೋಸ್ ನಗರದಿಂದ ಬಂದ ಹುಡುಗಿಯೊಬ್ಬಳು ಅವನ ತರಗತಿಗೆ ಸೇರಿದಳು. ಒಂದು ಸಂಜೆ ಆಡಲು ಬಂದವಳು, ತಾವು ಮೊದಲಿದ್ದ ಮನೆ ಒಂಬತ್ತನೆಯ ಮಹಡಿಯಲ್ಲಿತ್ತೆಂದೂ ಲಿಫ್ಟ್ ಕೆಟ್ಟಾಗ ಅಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರೆಂದೂ ಹೇಳಿದಳು. ಮಗ ಎದ್ದು ಹೋಗಿ ಆ ಪುಸ್ತಕ ತಂದ, ಗುಡಿಸಲಿನ ಪುಟ ತೆರೆದು ಅದರ ಮೇಲೆ ಬೆರಳಿಟ್ಟು, "ಸುಳ್ಳು ಹೇಳಬೇಡ, ನಿಮ್ಮ ಮನೆ ಹೀಗಿರುತ್ತದೆ" ಎಂದ. ಅವಳು ಪುಟವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ನಕ್ಕು ಮಾತು ಮರೆಸಿದೆ. ಅವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ತಪ್ಪು ಪುಸ್ತಕದ್ದೆಂದು ಬಹಳ ದಿನ ಅಂದುಕೊಂಡಿದ್ದೆ. ಆದರೆ ಅಂಥ ಗುಡಿಸಲುಗಳೂ ಇವೆ, ಅಂಥ ಅಜ್ಜಂದಿರೂ ಇದ್ದಾರೆ; ಕೆಟ್ಟದ್ದು ನನ್ನ ಲೆಕ್ಕ. ದೇಶಕ್ಕೊಂದು ಎಂದು ಗೆರೆ ಎಳೆದ ಕೂಡಲೇ ಆ ಒಂದು ಪುಸ್ತಕ ಇಡೀ ದೇಶವನ್ನು ಹೊರಬೇಕಾಯಿತು. ಹಾಗೆ ಹೊರಬೇಕಾದ್ದರಿಂದಲೇ ನಾನು ಮುಖಪುಟ ನೋಡಿದರೆ ಸಾಕು "ಇದು ಇಂಥ ದೇಶದ್ದು" ಎಂದು ತಿಳಿಯುವಂಥವನ್ನು, ಅಂದರೆ ಹಬ್ಬ, ಉಡುಪು, ಕುಣಿತಗಳ ಪುಸ್ತಕಗಳನ್ನೇ ಆರಿಸಿದೆ. ಬರೆದವರು ಯಾರು, ಕಥೆ ಯಾವ ಕಾಲದ್ದು ಎಂದು ತಿರುವಿ ನೋಡಲಿಲ್ಲ. ಹನ್ನೊಂದರಲ್ಲಿ ಒಂದರಲ್ಲಾದರೂ ಹಾಲುಹಲ್ಲು ಬಿದ್ದ ಮಗುವಾಗಲಿ, ತಮ್ಮನೊಡನೆ ಜಗಳವಾಡುವ ಮಗುವಾಗಲಿ ಇರಲಿಲ್ಲ. ಪಕ್ಕದಲ್ಲಿಟ್ಟು ಹೋಲಿಸಲು ಇನ್ನೊಂದು ಪುಸ್ತಕವಿಲ್ಲದ ಮಗುವಿಗೆ ಇರುವ ಆ ಒಂದು ಪುಸ್ತಕವೇ ಸಾಕ್ಷಿಯಾಗುತ್ತದೆ, ಎದುರಿಗೆ ಕುಳಿತ ಗೆಳತಿಗಿಂತ ದೊಡ್ಡ ಸಾಕ್ಷಿ. ನೈಜೀರಿಯಾದವರೇ ಆದ ಲೇಖಕಿ ಚಿಮಮಾಂಡಾ ಅಡೀಚಿ 2009ರ ಭಾಷಣವೊಂದರಲ್ಲಿ ಇದನ್ನೇ "ಒಂದೇ ಕಥೆಯ ಅಪಾಯ" ಎಂದು ಕರೆದಿದ್ದರು. ಅದನ್ನು ಕೇಳಿ ತಲೆದೂಗಿದ ಮೇಲೂ ನಾನು ಆ ಪಟ್ಟಿ ಮಾಡಿದ್ದೆ.

ಆದ್ದರಿಂದ ಹತ್ತು ದೇಶಗಳ ಆಸೆಯನ್ನೇ ಬಿಟ್ಟುಬಿಡಿ ಎನ್ನುತ್ತೇನೆ. ಎರಡೇ ನಾಡುಗಳನ್ನು ಆರಿಸಿಕೊಂಡು ಒಂದೊಂದಕ್ಕೆ ನಾಲ್ಕೈದು ಪುಸ್ತಕ ತನ್ನಿ: ಒಂದು ನಗರದ್ದು, ಒಂದು ಹಳ್ಳಿಯದು, ಒಂದು ಬರೀ ತಮಾಷೆಯದು. ಜನಪದ ಕಥೆ ಒಂದಿದ್ದರೆ ಸಾಕು. ಅರ್ಧದಷ್ಟಾದರೂ ಅಲ್ಲೇ ಬೆಳೆದವರು ಬರೆದವಾಗಿರಲಿ; ಆದರೆ ಅದೊಂದನ್ನೇ ಅಳತೆಗೋಲು ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. 1962ರಲ್ಲಿ ಬಂದ "ದ ಸ್ನೋಯಿ ಡೇ" ಪುಸ್ತಕದಲ್ಲಿ ಕಪ್ಪು ವರ್ಣದ ಹುಡುಗ ಪೀಟರ್ ಹಿಮದಲ್ಲಿ ಆಡಿ, ಹಿಮದ ಉಂಡೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ, ಅದು ಕರಗಿಹೋಗುತ್ತದೆ. ಬಣ್ಣದ ಬಗ್ಗೆ ಬರಹದಲ್ಲಿ ಒಂದು ಮಾತೂ ಇಲ್ಲ. ಬರೆದು ಚಿತ್ರಿಸಿದ ಎಜ್ರಾ ಜಾಕ್ ಕೀಟ್ಸ್ ಬಿಳಿಯರು. ಖಾಲಿ ಜೇಬು ಕಂಡು ಬೇಸರಪಟ್ಟ ಪೀಟರ್ ಯಾವ ದೇಶದವನೆಂದು ನನ್ನ ಮಗ ಕೇಳಲೇ ಇಲ್ಲ.

ಮನೆಯಲ್ಲಿ ಈಗಾಗಲೇ ಇರುವ ಗುಡಿಸಲಿನ ಪುಸ್ತಕವನ್ನು ಎಸೆಯಬೇಕಿಲ್ಲ, ನಾನೂ ಎಸೆದಿಲ್ಲ. ಆದರೆ ನಿಮ್ಮ ಮಗಳೂ ಒಂದು ದಿನ ಯಾರೆದುರಿಗಾದರೂ ಅಂಥ ಮಾತು ಆಡಿಯಾಳು. ಆಗ ನನ್ನಂತೆ ನಗದೆ, ಬಂದ ಮಗುವಿನ ಎದುರಿಗೇ, "ಪುಸ್ತಕದಲ್ಲಿರುವುದು ಒಂದು ಮನೆ, ಇವಳು ಹೇಳುತ್ತಿರುವುದು ಇನ್ನೊಂದು ಮನೆ, ಕೇಳೋಣ" ಎಂದು ಹೇಳಿ.