ಟೌನ್‌ಶಿಪ್ ಎಂದರೆ ಹೋಬಳಿಯೋ, ಪಂಚಾಯಿತಿಯೋ?

ಪ್ರಶ್ನೆ: ಅಮೆರಿಕದ ಮಿನ್ನೆಸೋಟ ರಾಜ್ಯದ ಹಳ್ಳಿಗಾಡಿನಲ್ಲಿ ನನ್ನ ಮಗಳು ಅಳಿಯ ಮನೆ ಕೊಂಡಿದ್ದಾರೆ. ಅಂಚೆ ವಿಳಾಸದಲ್ಲಿರುವ ಊರೇ ಬೇರೆ, ತೆರಿಗೆ ಚೀಟಿಯಲ್ಲಿರುವ ಟೌನ್‌ಶಿಪ್ಪಿನ ಹೆಸರೇ ಬೇರೆ. ಕ್ರಯಪತ್ರದಲ್ಲಿ ‘ಸೆಕ್ಷನ್ 16’ ಎಂದಿದೆ. ಈ ಟೌನ್‌ಶಿಪ್ ನಮ್ಮ ಹೋಬಳಿಯಂತೆಯೇ, ಗ್ರಾಮ ಪಂಚಾಯಿತಿಯಂತೆಯೇ? ಅಲ್ಲಿ ನೇರವಾಗಿ ಸಾಗುವ ರಸ್ತೆ ಬಯಲಿನ ನಡುವೆ ಕಾರಣವಿಲ್ಲದೆ ತಿರುಗುವುದೇಕೆ?

ಉತ್ತರ: ಅಲ್ಲಿ ಒಂದೇ ಹೆಸರಿನಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು ಸರ್ವೆಯವರು ನಕ್ಷೆಯ ಮೇಲೆ ಎಳೆದ ಚೌಕ. ಎರಡನೆಯದು ಆ ಚೌಕದೊಳಗಿನ ಜನ ಆರಿಸಿಕೊಂಡ ಆಡಳಿತ. ಚೌಕ ಮೊದಲು ಬಂತು, ಜನ ಆಮೇಲೆ ಬಂದರು.

ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಪಶ್ಚಿಮದ ಜಮೀನನ್ನು ಅಳೆದು ಮಾರಬೇಕೆಂದು ಅಲ್ಲಿನ ಕಾಂಗ್ರೆಸ್ 1785ರ ಮೇ 20ರಂದು ಕಾನೂನು ಮಾಡಿತು. ಅದೇ ವರ್ಷ ಸರ್ವೆಯ ಮುಖ್ಯಸ್ಥ ಥಾಮಸ್ ಹಚಿನ್ಸ್ ಓಹಾಯೋ ನದಿಯ ದಡದಿಂದ ಅಳತೆ ಆರಂಭಿಸಿದರು. ಅಳತೆಗೆ ಬಳಸಿದ್ದು 66 ಅಡಿಯ ಸರಪಳಿ, ಅಂದರೆ ನಮ್ಮ ಗುಂಟೆ ಲೆಕ್ಕದ 33 ಅಡಿಯ ಸರಪಳಿಯ ಇಮ್ಮಡಿ. ಪ್ರತಿ ಟೌನ್‌ಶಿಪ್ ಆರು ಮೈಲಿ ಉದ್ದ, ಆರು ಮೈಲಿ ಅಗಲ. ಅದರಲ್ಲಿ ತಲಾ 640 ಎಕರೆಯ 36 ಸೆಕ್ಷನ್‌ಗಳು. 1796ರ ಕಾನೂನಿನ ನಂತರ ಈ ಸೆಕ್ಷನ್‌ಗಳ ಎಣಿಕೆ ಈಶಾನ್ಯ ಮೂಲೆಯಿಂದ ಆರಂಭವಾಗಿ, ನೇಗಿಲು ಹೂಡಿದ ಎತ್ತು ಸಾಲಿನ ಕೊನೆಯಲ್ಲಿ ತಿರುಗಿ ಬರುವಂತೆ, ಒಂದು ಸಾಲು ಪಶ್ಚಿಮಕ್ಕೆ, ಮುಂದಿನ ಸಾಲು ಪೂರ್ವಕ್ಕೆ ಸಾಗುತ್ತದೆ. ಹೀಗೆ ಎಣಿಸಿದಾಗ 16ನೆಯ ಸೆಕ್ಷನ್ ಚೌಕದ ನಡುಮಧ್ಯಕ್ಕೆ ತಾಗಿಕೊಂಡು ಬರುತ್ತದೆ. ಅದನ್ನು ಶಾಲೆಗಳ ಖರ್ಚಿಗೆಂದು ಮೀಸಲಿಟ್ಟಿದ್ದರು. ಮಿನ್ನೆಸೋಟಕ್ಕೆ 36ನೆಯದೂ ಸಿಕ್ಕಿತು. ಇಂಥ ಬಹಳಷ್ಟು ಭೂಮಿಯನ್ನು ರಾಜ್ಯ ಮುಂದೆ ಮಾರಿದ್ದರಿಂದ, ನಿಮ್ಮ ಮಗಳ ಮನೆಯಡಿಯ ನೆಲ ಒಂದು ಕಾಲಕ್ಕೆ ಶಾಲೆಯ ಪಾಲಿನದಾಗಿದ್ದಿರಬಹುದು.

ರಸ್ತೆಯ ತಿರುವಿಗೂ ಈ ಚೌಕವೇ ಕಾರಣ. ಭೂಮಿ ದುಂಡಗಿರುವುದರಿಂದ ರೇಖಾಂಶಗಳು ಉತ್ತರಕ್ಕೆ ಹೋದಂತೆಲ್ಲ ಹತ್ತಿರವಾಗುತ್ತವೆ, ಚೌಕಗಳು ಕಿರಿದಾಗುತ್ತವೆ. ಆದ್ದರಿಂದ ಸಾಮಾನ್ಯವಾಗಿ 24 ಮೈಲಿಗೊಮ್ಮೆ ಒಂದು ತಿದ್ದುಪಡಿ ಗೆರೆ ಎಳೆದು ಅಳತೆಯನ್ನು ಹೊಸದಾಗಿ ಆರಂಭಿಸಿದರು. ಸೆಕ್ಷನ್ನಿನ ಅಂಚು ಹಿಡಿದು ಬಂದ ರಸ್ತೆ ಈ ಗೆರೆಯಲ್ಲಿ ಪಕ್ಕಕ್ಕೆ ಹೊರಳಿ, ಒಂದಿಷ್ಟು ದೂರ ಸರಿದು, ಮತ್ತೆ ನೇರವಾಗುತ್ತದೆ. ಎರಡೂ ಕಡೆ ಮೆಕ್ಕೆಜೋಳದ ಹೊಲವಷ್ಟೇ ಇರುವಲ್ಲಿ ಚಾಲಕನಿಗೆ ತಬ್ಬಿಬ್ಬಾಗುವುದು ಸಹಜ.

ಇನ್ನು ಆಡಳಿತ. ಮಿನ್ನೆಸೋಟದಲ್ಲಿ ಇಂಥ 1,700ಕ್ಕೂ ಹೆಚ್ಚು ಟೌನ್‌ಶಿಪ್‌ಗಳಿವೆ. ಸಾಮಾನ್ಯವಾಗಿ ಮೂವರು ಚುನಾಯಿತ ಸೂಪರ್‌ವೈಸರುಗಳು, ಜೊತೆಗೆ ಒಬ್ಬ ಗುಮಾಸ್ತ, ಒಬ್ಬ ಖಜಾಂಚಿ ಇರುತ್ತಾರೆ. ಅವರ ಮುಖ್ಯ ಕೆಲಸ ರಸ್ತೆ: ಜಲ್ಲಿ ಹಾಕಿಸುವುದು, ಹಿಮ ತೆಗೆಸುವುದು. ನನಗೆ ಬಹಳ ಹಿಡಿಸುವುದು ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ನಡೆಯುವ ವಾರ್ಷಿಕ ಸಭೆ. ಅಂದು ಮತದಾರರೇ ಟೌನ್ ಹಾಲ್‌ನಲ್ಲಿ ಸೇರಿ, ತಮ್ಮಲ್ಲೇ ಒಬ್ಬರನ್ನು ಸಭೆ ನಡೆಸಲು ಆರಿಸಿಕೊಂಡು, ಟೌನ್‌ಶಿಪ್‌ಗೆಂದು ಎಷ್ಟು ತೆರಿಗೆ ಎತ್ತಬೇಕೆಂಬುದನ್ನು ಮತ ಹಾಕಿ ತೀರ್ಮಾನಿಸುತ್ತಾರೆ. ನಮ್ಮ ಗ್ರಾಮಸಭೆಗೆ ಈ ಅಧಿಕಾರವಿಲ್ಲ. ಆ ತೆರಿಗೆಯನ್ನು ವಸೂಲು ಮಾಡುವುದು ಮಾತ್ರ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಮೇಲಿನ ಹಂತ. ಪೊಲೀಸ್, ನ್ಯಾಯಾಲಯ, ಜಮೀನಿನ ದಾಖಲೆಗಳಿಗೂ ಕೌಂಟಿಯ ಕಡೆಗೇ ಹೋಗಬೇಕು. ಶಾಲೆಗಳಿಗೆ ಬೇರೆಯೇ ಮಂಡಳಿ, ಬೇರೆಯೇ ಗಡಿ.

ಚೌಕವೂ ಆಡಳಿತವೂ ಎಲ್ಲೆಡೆ ಹೊಂದಿಕೊಳ್ಳುವುದಿಲ್ಲ. ಚೌಕದೊಳಗಿನ ಒಂದು ಊರು ಕೆಲವೇ ನೂರು ಜನರಿದ್ದರೂ ‘ಸಿಟಿ’ಯಾದರೆ ಟೌನ್‌ಶಿಪ್ಪಿನಿಂದ ಹೊರಬೀಳುತ್ತದೆ. ಉತ್ತರದ ಕಾಡುಗಳಲ್ಲಿ ಚೌಕವಿದ್ದರೂ ಟೌನ್‌ಶಿಪ್ ಆಡಳಿತವೇ ಇಲ್ಲದ ಕಡೆಗಳಿದ್ದು, ಅವನ್ನು ಕೌಂಟಿಯೇ ನೋಡಿಕೊಳ್ಳುತ್ತದೆ. ಅಂಚೆ ವಿಳಾಸವಂತೂ ಕಾಗದ ಹಂಚುವ ಅಂಚೆ ಕಚೇರಿಯ ಊರನ್ನಷ್ಟೇ ಹೇಳುತ್ತದೆ. ನಿಮ್ಮ ಮಗಳ ಮನೆಯ ಮುಂದಿನ ಟೌನ್‌ಶಿಪ್ ರಸ್ತೆಯ ಗುಂಡಿ ಮುಚ್ಚಿಸಲು ತೆರಿಗೆ ಚೀಟಿಯಲ್ಲಿರುವ ಹೆಸರನ್ನೇ ಹಿಡಿದು ಹೋಗಬೇಕು.