ಕ್ರಾಫಿಶ್ ಹಬ್ಬಕ್ಕೆ ಸಸ್ಯಾಹಾರಿಗಳ ಜೊತೆ

ಹ್ಯೂಸ್ಟನ್‌ನಿಂದ ಲೂಯಿಸಿಯಾನದ ಬ್ರೋ ಬ್ರಿಜ್ ಊರಿನ ಕ್ರಾಫಿಶ್ (ಸಿಗಡಿಯಂಥ ಸಿಹಿನೀರಿನ ಜೀವಿ) ಹಬ್ಬಕ್ಕೆ ಹೋಗಬಹುದಾ, ಮನೆಯವರು ಸಸ್ಯಾಹಾರಿ ಅಂತ ಕೇಳಿದ್ದೀರಿ. ಹೋಗಿ, ಮೂರೂವರೆ ಗಂಟೆ ದಾರಿ. ಆದರೆ ಕಾರಿನಲ್ಲಿ ಒಂದು ಡಬ್ಬ ಚಿತ್ರಾನ್ನ ಇರಲಿ. ಆ ಕಡೆ ಬೀನ್ಸ್ ಬೇಯಿಸಿದರೂ ಸಾಮಾನ್ಯವಾಗಿ ಅದಕ್ಕೆ ಮಾಂಸ ಬೀಳುತ್ತದೆ.

ನೀವು ಮಾಂಸ ತಿನ್ನುತ್ತೀರಿ ಅಲ್ವಾ? ಹಾಗಾದರೆ ಬೇಯಿಸಿದ ಕ್ರಾಫಿಶ್ ಬಿಡಬೇಡಿ. ತಲೆ ತಿರುಚಿ ಕಿತ್ತು, ಬಾಲದ ಚಿಪ್ಪು ಸುಲಿದು ತಿನ್ನಿ. ತಲೆಯೊಳಗಿನ ರಸ ಹೀರಿದರೇ ಮಜಾ. ಖಾರದ ಕೈ ಕಣ್ಣಿಗೆ ತಾಗೀತು, ಜೋಕೆ!

ಸಂಗೀತಕ್ಕೆ ಮಡಿ ಮೈಲಿಗೆ ಇಲ್ಲ. ಕೇಜನ್ ಅಂದರೆ ಅಲ್ಲಿನ ಫ್ರೆಂಚ್ ಮೂಲದವರು, ಅವರ ಹಾಡಿಗೆ ಪಿಟೀಲು, ಅಕಾರ್ಡಿಯನ್. ಅಲ್ಲಿನ ಕಪ್ಪು ಕ್ರಿಯೋಲ್ ಜನರ ಕುಣಿತದ ಸಂಗೀತ ಜೈಡಕೋದಲ್ಲಿ ಒಬ್ಬ ಏರಿಳಿತದ ತಗಡನ್ನು ಅಂಗಿಯಂತೆ ಎದೆಗೆ ತೊಟ್ಟು ಚಮಚದಲ್ಲಿ ಪರಪರ ಕೆರೆಯುತ್ತಾನೆ. ಮಕ್ಕಳಿಗೆ ಕ್ರಾಫಿಶ್ ಓಟದ ಪಂದ್ಯ ತೋರಿಸಿ. ಹಬ್ಬ ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ. ಬಿಸಿಲು ಜಾಸ್ತಿ, ಟೋಪಿ ಮರೀಬೇಡಿ.