0.715 ಬಂತು ಅಂತ ಮ್ಯಾಂಟಲ್ ಕಡೆ ಬೊಟ್ಟು ಮಾಡೋ ಮುಂಚೆ

ಸರ್, ನಿಮ್ಮ ಎರಡು ದಖ್ಖನ್ ಬಸಾಲ್ಟ್ ಸ್ಯಾಂಪಲ್‌ಗಳ ಸ್ಟ್ರಾನ್ಷಿಯಂ 87/86 ರೇಷಿಯೊ (ಸ್ಟ್ರಾನ್ಷಿಯಂನ ಎರಡು ಐಸೊಟೋಪ್, ಅಂದ್ರೆ ಬೇರೆ ಬೇರೆ ತೂಕದ ಪರಮಾಣುಗಳ ಅನುಪಾತ) ಒಂದು 0.704, ಇನ್ನೊಂದು 0.715 ಬಂದಿದೆ, ಹಾಗಾದ್ರೆ ಕೆಳಗೆ ಎರಡು ಥರದ ಮ್ಯಾಂಟಲ್ (ಕ್ರಸ್ಟ್ ಅಂದ್ರೆ ಭೂಮಿಯ ಹೊರಪದರ, ಅದರ ಕೆಳಗಿನ ದಪ್ಪ ಪದರ) ಇತ್ತಾ ಅಂತ ಕೇಳಿದೀರಲ್ಲ, ಆ ತೀರ್ಮಾನಕ್ಕೆ ಈಗಲೇ ಹೋಗ್ಬೇಡಿ. 0.704 ಅಂಬೇನಳಿ ಲಾವಾ ಥರ ಇದೆ, 0.715 ಬುಶೆ ಥರ, ಇವೆಲ್ಲ ದಖ್ಖನ್ ಲಾವಾ ಪದರಗಳ ಗುಂಪಿನ ಹೆಸರು. ಪಶ್ಚಿಮ ಘಟ್ಟದಲ್ಲಿ ಬುಶೆ ಕೆಳಗೆ, ಮಧ್ಯೆ ಪೋಲಾದ್‌ಪುರ, ಅದರ ಮೇಲೆ ಅಂಬೇನಳಿ. ಎಲ್ಲಾ ಸುಮಾರು 6.6 ಕೋಟಿ ವರ್ಷ ಹಳೇದು. ಕಲ್ಲಲ್ಲಿರೋ ರುಬಿಡಿಯಂ-87 ನಿಧಾನಕ್ಕೆ ಸ್ಟ್ರಾನ್ಷಿಯಂ-87 ಆಗ್ತಾ ಹೋಗತ್ತೆ, ಆದ್ರೆ ಅದು ಅರ್ಧ ಆಗೋಕೇ ಸುಮಾರು 5,000 ಕೋಟಿ ವರ್ಷ ಬೇಕು, ಹಾಗಾಗಿ ವಯಸ್ಸಿನ ಕರೆಕ್ಷನ್ ಮಾಡಿದ್ರೂ ನಾಲ್ಕನೇ ದಶಮಾಂಶದಲ್ಲಿ ಸ್ವಲ್ಪ ಆಚೀಚೆ ಆಗತ್ತೆ ಅಷ್ಟೇ, ಈ ವ್ಯತ್ಯಾಸ ಲಾವಾ ಹೊರಗೆ ಬಂದಾಗಲೇ ಇತ್ತು.

ಎಲ್ಲಿಂದ ಬಂತು ಅಂದ್ರೆ, ಭೂಖಂಡದ ಕೆಳಗೆ ಮ್ಯಾಗ್ಮಾ ಹತ್ತಿ ಬರೋ ದಾರಿಲಿ ದಪ್ಪ ಕ್ರಸ್ಟ್ ಇದೆ, ಹಳೇ ಗ್ರಾನೈಟು ನೈಸು, ಅದರಲ್ಲಿ ಸ್ಟ್ರಾನ್ಷಿಯಂ ರೇಷಿಯೊ ಬಹಳ ಜಾಸ್ತಿ, ಬಿಸಿ ಮ್ಯಾಗ್ಮಾ ಅದನ್ನ ಕರಗಿಸಿ ತನ್ನೊಳಗೆ ಸೇರಿಸ್ಕೊಳ್ಳತ್ತೆ. ಬುಶೆಲಿ ಒಂದು ವಿಶೇಷ ಇದೆ, ನನಗೆ ಬಹಳ ಇಷ್ಟದ ವಿಷಯ ಇದು: ಮೆಗ್ನೀಸಿಯಂ ಜಾಸ್ತಿ ಇರೋ, ಅಂದ್ರೆ ಹೆಚ್ಚು ಬಿಸಿ ಇದ್ದ ಲಾವಾದಲ್ಲೇ ಕ್ರಸ್ಟಿನ ಕಲಬೆರಕೆ ಜಾಸ್ತಿ ಕಾಣತ್ತೆ. ತಣ್ಣಗಾಗ್ತಾ ಹರಳು ಕಟ್ತಾ ಕಲಬೆರಕೆ ಏರತ್ತೆ ಅಂತ ನಾವು ಅಂದ್ಕೊಳ್ಳೋದಕ್ಕೆ ಪೂರ್ತಿ ಉಲ್ಟಾ.

ಈಗ ನಿಮ್ಮ ರಿಪೋರ್ಟಲ್ಲಿ ನಿಯೋಬಿಯಂನ ಲ್ಯಾಂಥನಂನಿಂದ ಭಾಗಿಸಿ ನೋಡಿ. ಕ್ರಸ್ಟ್ ಮುಟ್ಟದ ಬಸಾಲ್ಟಲ್ಲಿ ಸಾಮಾನ್ಯವಾಗಿ 1ರ ಆಸುಪಾಸು ಇರತ್ತೆ, ಕ್ರಸ್ಟಲ್ಲಿ ಸರಾಸರಿ 0.4. ಸ್ಟ್ರಾನ್ಷಿಯಂ ರೇಷಿಯೊ ಏರ್ತಾ ಇದು ಇಳೀತಾ ಹೋದ್ರೆ, ಜೊತೆಗೆ ಥೋರಿಯಂ, ಸಿಲಿಕಾನೂ ಏರಿದ್ರೆ, ಕ್ರಸ್ಟ್ ಅಂತಲೇ ಮೊದಲ ಅನುಮಾನ. ಆದ್ರೆ ಒಂದು ಎಚ್ಚರ, ಭೂಖಂಡಕ್ಕೆ ಅಂಟಿಕೊಂಡಿರೋ ಹಳೇ ಲಿಥೋಸ್ಫಿಯರ್ ಮ್ಯಾಂಟಲ್ (ಮ್ಯಾಂಟಲಿನ ಮೇಲಿನ ಗಟ್ಟಿ ಭಾಗ) ಕೂಡ ನಿಯೋಬಿಯಂ ಕಮ್ಮಿ ಕೊಡಬಹುದು, ಅದಕ್ಕೇ ಒಂದೇ ಕಲ್ಲು ಸಾಲಲ್ಲ, ಕೆಳಗಿಂದ ಮೇಲಕ್ಕೆ ಎಂಟು ಹತ್ತು ಪದರದಿಂದ ತಗೊಂಡು ಗ್ರಾಫಲ್ಲಿ ಹಾಕ್ಬೇಕು.

ಮ್ಯಾಂಟಲ್ ಬಗ್ಗೆನೇ ತಿಳೀಬೇಕಾದ್ರೆ 0.704 ಇರೋ ಕಲ್ಲನ್ನ ಹಿಡ್ಕೊಳ್ಳಿ. ಅದಕ್ಕೆ ನಿಯೋಡೈಮಿಯಂ, ಸೀಸದ ಐಸೊಟೋಪ್ ಮಾಡ್ಸಿ. ಡಿಸ್ಪ್ರೋಸಿಯಂ/ಇಟರ್ಬಿಯಂನೂ ನೋಡಿ, ಆಳದ ಮ್ಯಾಂಟಲಲ್ಲಿರೋ ಗಾರ್ನೆಟ್ ಅನ್ನೋ ಖನಿಜ ಇಟರ್ಬಿಯಂನ ಬಿಗಿಯಾಗಿ ಹಿಡ್ಕೊಳ್ಳತ್ತೆ, ರೇಷಿಯೊ ಜಾಸ್ತಿ ಇದ್ರೆ ಸುಮಾರು 80 ಕಿಮೀಗಿಂತ ಆಳದಲ್ಲಿ ಕರಗಿದೆ ಅನ್ನೋ ಸೂಚನೆ.

ಕಲ್ಲು ಕಳಿಸೋ ಮುಂಚೆ ಮೇಲಿನ ಕಂದು ಸಿಪ್ಪೆ ಪೂರ್ತಿ ಒಡೆದು ತೆಗೀರಿ, ಒಳಗೆ ಬಿಳಿ ಚುಕ್ಕೆ ಕಂಡ್ರೆ ಅದು ಜಿಯೊಲೈಟ್ (ಲಾವಾದ ತೂತುಗಳಲ್ಲಿ ಆಮೇಲೆ ಕಟ್ಟಿದ ಖನಿಜ) ಇರಬಹುದು, ಲೆನ್ಸ್ ಇಟ್ಕೊಂಡು ಅಂಥ ಚೂರೆಲ್ಲ ಆರಿಸಿ ಬಿಸಾಕಿ, ಇಲ್ಲಾಂದ್ರೆ ರುಬಿಡಿಯಂ, ಬೇರಿಯಂ ನಂಬೋ ಹಾಗಿರಲ್ಲ. ಪುಡಿ ಮಾಡೋದು ಅಗೇಟ್ ಪಾತ್ರೆಲೇ ಆಗ್ಲಿ. ನಂದೊಂದು ಬ್ಯಾಚ್ ಟಂಗ್‌ಸ್ಟನ್ ಕಾರ್ಬೈಡಲ್ಲಿ ಅರೆದು ಟ್ಯಾಂಟಲಂ, ಕೋಬಾಲ್ಟ್ ಎರಡೂ ಸುಳ್ಳು ಬಂತು, ಮತ್ತೆ ಮೊದಲಿಂದ ಮಾಡಿಸ್ದೆ. ನಿಯೋಬಿಯಂ, ಲ್ಯಾಂಥನಂ ನಂಬರ್ ಇದ್ರೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.